ಯಾವ ವಿಸಾದಲ್ಲಿ ಹೋಗುತ್ತೀರಿ?

ಕರಾವಳಿಯ ನಮ್ಮ ಅನೇಕ ಮನೆಗಳಲ್ಲಿ ಮದುವೆಯ ದಿನ ನಿಶ್ಚಯವಾಗುವುದು ಹುಡುಗನ ರಜೆ ನೋಡಿಕೊಂಡು. ಅವನಿಗೆ ನಲ್ವತ್ತು ದಿನ ರಜೆ ಸಿಕ್ಕಿರುತ್ತದೆ. ಹೆಣ್ಣು ನೋಡುವುದು, ಮಾತುಕತೆ, ನಿಕಾಹ್, ವಲೀಮಾ, ಬಂಧುಗಳ ಮನೆಯ ಔತಣ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಕೈಯ ಮದರಂಗಿಯ ಬಣ್ಣ ಮಾಸುವ ಮುನ್ನವೇ ಬಜ್ಪೆಯ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತು ಆಕೆ ಪತಿಗೆ ಕೈ ಬೀಸುತ್ತಾಳೆ. ಆಮೇಲಿನ ಬದುಕೆಲ್ಲ ಫೋನಿನಲ್ಲಿ. ಆ ಫೋನಿನಲ್ಲಿ ದಿನವೂ ಕೇಳಿಬರುವ ಪ್ರಶ್ನೆ ಒಂದೇ: "ನನ್ನನ್ನು ಯಾವಾಗ ಕರೆಸಿಕೊಳ್ಳುತ್ತೀರಿ?" ಬರುವ ಉತ್ತರವೂ ಒಂದೇ: "ವಿಸಾ ನೋಡ್ತಾ ಇದ್ದೇನೆ."

ಉಡುಪಿ ಜಿಲ್ಲೆಯ ಸಹೋದರಿಯೊಬ್ಬರು ಇದೇ ವಿಷಯದ ಕುರಿತು ಬರೆದಿದ್ದಾರೆ. ಮದುವೆಯಾಗಿ ಎರಡು ವರ್ಷ. ಪತಿ ದಮ್ಮಾಮ್‌ನಲ್ಲಿ ಒಂದು ಅಂಗಡಿಯ ಸೇಲ್ಸ್‌ಮನ್. ಈಕೆ ಊರಿನ ಶಾಲೆಯೊಂದರಲ್ಲಿ ಶಿಕ್ಷಕಿ. ಪರಿಚಯದ ಏಜೆಂಟರೊಬ್ಬರು, "ಮೊದಲು ವಿಸಿಟ್ ವಿಸಾದಲ್ಲಿ ಹೋಗಲಿ, ಅಲ್ಲಿಗೆ ಹೋದ ಮೇಲೆ ಪರ್ಮನೆಂಟ್ ಮಾಡಿಸೋಣ" ಎಂದಿದ್ದಾರೆ. ಅವರು ಕೇಳಿದ ಹಣಕ್ಕಾಗಿ ಮಹ್ರ್ ಆಗಿ ಸಿಕ್ಕಿದ ಬಳೆಗಳನ್ನು ಅಡವಿಡುವ ಮಾತು ನಡೆದಿದೆ. ಶಾಲೆಗೆ ರಾಜೀನಾಮೆಯನ್ನೂ ಬರೆದಿಟ್ಟಿದ್ದಾರೆ. ಪತ್ರದ ಕೊನೆಯಲ್ಲಿ ಅವರು ಕೇಳುತ್ತಾರೆ: "ಒಮ್ಮೆ ಆ ನೆಲ ತಲುಪಿದರೆ ಸಾಕಲ್ಲವೇ? ವಿಸಾ ಯಾವುದಾದರೇನು?"

ಇಲ್ಲ ಸಹೋದರಿ, ಸಾಲದು. ನೀವು ಯಾವ ವಿಸಾದಲ್ಲಿ ಹೋಗುತ್ತೀರಿ ಎಂಬುದರ ಮೇಲೆ ಅಲ್ಲಿ ನೀವು ಎಷ್ಟು ದಿನ ಇರಬಹುದು, ದುಡಿಯಬಹುದೇ, ಕಾಯಿಲೆ ಬಿದ್ದರೆ ಖರ್ಚು ಯಾರದು, ಪತಿಯ ಕೆಲಸ ಹೋದರೆ ನಿಮ್ಮ ಗತಿ ಏನು ಎಂಬುದೆಲ್ಲ ನಿರ್ಧಾರವಾಗುತ್ತದೆ. ಆದ್ದರಿಂದ ಈ ಪ್ರಶ್ನೆಯನ್ನು ಟಿಕೆಟ್ ತೆಗೆಯುವ ಮೊದಲು ಕೇಳಬೇಕು. ಅದನ್ನು ಗಂಡಸರಿಗೋ ಏಜೆಂಟರಿಗೋ ಬಿಟ್ಟುಬಿಡದೆ, ಹೋಗುವವರಾದ ನೀವೇ ಕೇಳಬೇಕು.

ಅತಿಥಿಯೋ, ನಿವಾಸಿಯೋ?

ಕೊಲ್ಲಿ ರಾಷ್ಟ್ರಗಳಿಗೆ ಪತಿಯ ಬಳಿ ಹೋಗಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ವಿಸಿಟ್ ವಿಸಾ, ಇನ್ನೊಂದು ನಾವು ಫ್ಯಾಮಿಲಿ ವಿಸಾ ಎಂದು ಕರೆಯುವ ನಿವಾಸದ ವಿಸಾ.

ವಿಸಿಟ್ ವಿಸಾದಲ್ಲಿ ಹೋದವರು ಆ ದೇಶಕ್ಕೆ ಅತಿಥಿಗಳು. ಕೊಟ್ಟ ಅವಧಿ ಮುಗಿದೊಡನೆ ಹೊರಡಬೇಕು. ದುಡಿಯುವಂತಿಲ್ಲ. ಅವಧಿ ಮೀರಿ ನಿಂತರೆ ದಂಡ ಏರುತ್ತಲೇ ಹೋಗುತ್ತದೆ. ಯುಎಇಯಲ್ಲಿ ಅದು ದಿನಕ್ಕೆ 50 ದಿರ್ಹಮ್. "ನಾಲ್ಕು ದಿನ ಹೆಚ್ಚಾದರೆ ಏನಾಗುತ್ತದೆ" ಎಂಬ ಉದಾಸೀನಕ್ಕೆ ತೆರಬೇಕಾದ ಬೆಲೆ ಇದು.

ಫ್ಯಾಮಿಲಿ ವಿಸಾದಲ್ಲಿ ಹೋದವರು ಅಲ್ಲಿನ ನಿವಾಸಿಗಳು. ನಿಮ್ಮ ಹೆಸರಿನಲ್ಲೇ ಗುರುತಿನ ಚೀಟಿ ಸಿಗುತ್ತದೆ. ಯುಎಇಯಲ್ಲಿ ಅದು ಎಮಿರೇಟ್ಸ್ ಐಡಿ, ಸೌದಿಯಲ್ಲಿ ಇಕಾಮಾ, ಕುವೈತ್‌ನಲ್ಲಿ ಬತಾಕಾ. ಆಸ್ಪತ್ರೆ, ಬ್ಯಾಂಕ್, ಮಕ್ಕಳ ಶಾಲೆ ಎಲ್ಲೆಡೆ ಕೇಳುವುದು ಆ ಚೀಟಿಯನ್ನೇ. ಆದರೆ ಇಲ್ಲೊಂದು ಮಾತು ನೆನಪಿರಲಿ. ಆ ನಿವಾಸದ ಹಕ್ಕು ಪತಿಯ ನಿವಾಸದ ಹಕ್ಕಿಗೆ ಗಂಟು ಹಾಕಿಕೊಂಡಿರುತ್ತದೆ. ಅವರ ವಿಸಾ ರದ್ದಾದರೆ ನಿಮ್ಮದೂ ನಿಲ್ಲುವುದಿಲ್ಲ. ಪತಿ ಕಂಪೆನಿ ಬದಲಾಯಿಸುವಾಗ ಹೆಂಡತಿ ಮಕ್ಕಳ ವಿಸಾದ ಗತಿ ಏನೆಂದು ಮೊದಲೇ ವಿಚಾರಿಸಬೇಕಾದುದು ಇದಕ್ಕಾಗಿ.

ಒಂದರಲ್ಲಿ ಹೋಗಿ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಬಹುದೇ? ಇದಕ್ಕೆ ಎಲ್ಲ ದೇಶಕ್ಕೂ ಒಂದೇ ಉತ್ತರವಿಲ್ಲ. ಯುಎಇಯಲ್ಲಿ ಪತಿಗೆ ಅರ್ಹತೆಯಿದ್ದರೆ ಶುಲ್ಕ ಕಟ್ಟಿ ದೇಶದೊಳಗೇ ಇದ್ದು ನಿವಾಸದ ವಿಸಾಕ್ಕೆ ಬದಲಾಯಿಸಿಕೊಳ್ಳಬಹುದು. ಸೌದಿಯಲ್ಲಿ ಪತ್ನಿಯ ವಿಸಿಟ್ ವಿಸಾ ಸಾಮಾನ್ಯವಾಗಿ ಇಕಾಮಾ ಆಗುವುದಿಲ್ಲ. ದುಬೈಯಲ್ಲಿ ನಾದಿನಿಗೆ ಆದದ್ದು ದಮ್ಮಾಮ್‌ನಲ್ಲಿ ನಿಮಗೂ ಆಗುತ್ತದೆ ಎಂದು ನಂಬಿ ಹೊರಟವರು ಎಷ್ಟೋ ಮಂದಿ ತೊಂದರೆಗೆ ಸಿಲುಕಿದ್ದಾರೆ.

ಯುಎಇ: ಹುದ್ದೆಯಲ್ಲ, ಸಂಬಳ

ಹಿಂದೆ ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ಸಂಬಳದ ಜೊತೆಗೆ ಹುದ್ದೆಯನ್ನೂ ನೋಡುತ್ತಿದ್ದರು. ವಿಸಾದಲ್ಲಿ ಕೂಲಿ ಕೆಲಸ ಎಂದು ಬರೆದಿದ್ದರೆ ಬಾಗಿಲು ಮುಚ್ಚಿದಂತೆಯೇ. 2019ರಲ್ಲಿ ಆ ನಿಯಮ ಬದಲಾಯಿತು. ಈಗ ತಿಂಗಳಿಗೆ 4,000 ದಿರ್ಹಮ್ ಸಂಬಳ ಇರುವವರು, ಅಥವಾ 3,000 ದಿರ್ಹಮ್ ಸಂಬಳದ ಜೊತೆಗೆ ಕಂಪೆನಿಯ ವಸತಿ ಇರುವವರು, ಹುದ್ದೆ ಯಾವುದೇ ಇರಲಿ, ಪತ್ನಿ ಮಕ್ಕಳನ್ನು ಕರೆಸಿಕೊಳ್ಳಬಹುದು.

ಹಾಗೆಂದು ಸಂಬಳದ ಚೀಟಿಯೊಂದೇ ಸಾಲದು. ಕುಟುಂಬ ವಾಸಿಸಲು ಮನೆಯಿದೆ ಎಂದು ತೋರಿಸುವ ಬಾಡಿಗೆ ಕರಾರು ಬೇಕು. ಆರು ಮಂದಿ ಹಂಚಿಕೊಂಡಿರುವ ಕೋಣೆಯ ಒಂದು ಮಂಚಕ್ಕೆ ಬಾಡಿಗೆ ಕೊಡುವವರಿಗೆ ಇಲ್ಲೇ ತೊಡಕು. ನಾಲ್ಕು ಸಾವಿರದ ಷರತ್ತು ದಾಟಿದರೂ ಕುಟುಂಬದ ಮನೆಯ ಬಾಡಿಗೆ ಕೊಟ್ಟ ಮೇಲೆ ಉಳಿಯುವುದೆಷ್ಟು ಎಂಬುದನ್ನು ಪತಿಪತ್ನಿ ಇಬ್ಬರೂ ಕುಳಿತು ಲೆಕ್ಕ ಹಾಕಬೇಕು. ಕಾನೂನು ಒಪ್ಪಿದ ಮಾತ್ರಕ್ಕೆ ಕಿಸೆ ಒಪ್ಪಬೇಕೆಂದಿಲ್ಲ.

ಪ್ರವೇಶದ ಅನುಮತಿ ಪಡೆದು ಹೋದ ಮೇಲೆ ನಿವಾಸದ ವಿಸಾಕ್ಕೆ ಅರ್ಜಿ ಹಾಕಲು 60 ದಿನಗಳ ಕಾಲಾವಕಾಶವಿದೆ. 18 ವರ್ಷ ತುಂಬಿದವರು ವೈದ್ಯಕೀಯ ತಪಾಸಣೆ ಮಾಡಿಸಬೇಕು. ದುಬೈಯಲ್ಲಿ ಪತ್ನಿಗೆ ಆರೋಗ್ಯ ವಿಮೆ ಮಾಡಿಸುವ ಹೊಣೆ ಕರೆಸಿಕೊಂಡವರದು. ಅವಿವಾಹಿತ ಹೆಣ್ಣುಮಕ್ಕಳನ್ನು ಕರೆಸಿಕೊಳ್ಳಲು ವಯಸ್ಸಿನ ಮಿತಿಯಿಲ್ಲ. ಅವಿವಾಹಿತ ಗಂಡುಮಕ್ಕಳ ಮಿತಿಯನ್ನು 2022ರಲ್ಲಿ 25 ವರ್ಷಕ್ಕೆ ಏರಿಸಲಾಗಿದೆ. ಅಲ್ಲೇ ಮಗು ಹುಟ್ಟಿದರೆ 120 ದಿನಗಳೊಳಗೆ ಮಗುವಿನ ವಿಸಾ ಆಗಬೇಕು. ಭಾರತದ ದೂತಾವಾಸದಲ್ಲಿ ಒಂದು ವರ್ಷದೊಳಗೆ ಜನನ ನೋಂದಾಯಿಸುವುದನ್ನೂ ಮರೆಯಬಾರದು. ಮಗುವಿನ ಭಾರತೀಯ ಪೌರತ್ವದ ಪ್ರಶ್ನೆ ಅದರಲ್ಲಿದೆ.

ಕರೆಸಿಕೊಳ್ಳುವವರು ಯಾವಾಗಲೂ ಗಂಡಸರೇ ಆಗಬೇಕೆಂದೂ ಇಲ್ಲ. ವೈದ್ಯೆ, ನರ್ಸ್, ಶಿಕ್ಷಕಿ, ಇಂಜಿನಿಯರ್ ಮುಂತಾದ ಕೆಲಸದಲ್ಲಿರುವ ಮಹಿಳೆಯರು ಅಲ್ಲಿ ತಮ್ಮ ವಿಸಾದ ಮೇಲೆ ಪತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಅದರ ಸಂಬಳದ ಷರತ್ತು ಬೇರೆ.

ಇನ್ನೊಂದು ವಿಷಯವನ್ನು ಹೆರಿಗೆಗೆಂದು ಊರಿಗೆ ಬರುವವರು ಗಮನಿಸಬೇಕು. ಯುಎಇಯ ಹೊರಗೆ ಸತತವಾಗಿ ಆರು ತಿಂಗಳು ಮೀರಿ ಉಳಿದರೆ ಸಾಮಾನ್ಯವಾಗಿ ನಿವಾಸದ ವಿಸಾ ಅನೂರ್ಜಿತವಾಗುತ್ತದೆ. ಬಾಣಂತನ ಮುಗಿಸಿ, ಮಗುವಿಗೆ ಪಾಸ್‌ಪೋರ್ಟ್ ಮಾಡಿಸಿ ಹೊರಡುವಷ್ಟರಲ್ಲಿ ಈ ಆರು ತಿಂಗಳು ಕಳೆದದ್ದೇ ಗೊತ್ತಾಗುವುದಿಲ್ಲ. ಬಂದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಸೌದಿ: ತಲೆಗೆ ನಾನೂರು ರಿಯಾಲ್

ಸೌದಿ ಅರೇಬಿಯಾದಲ್ಲಿ ಪತಿಯ ಇಕಾಮಾದಲ್ಲಿ ಬರೆದಿರುವ ವೃತ್ತಿಗೆ ಈಗಲೂ ಮಹತ್ವವಿದೆ. ಕಂಪೆನಿಯಲ್ಲಿ ಮಾಡುವ ಕೆಲಸ ಒಂದು, ಇಕಾಮಾದಲ್ಲಿರುವ ವೃತ್ತಿ ಇನ್ನೊಂದು ಎಂಬ ಪರಿಸ್ಥಿತಿ ಅನೇಕರದ್ದು. ಅರ್ಜಿ ಹಾಕುವಾಗ ಲೆಕ್ಕಕ್ಕೆ ಬರುವುದು ಬರೆದಿರುವ ವೃತ್ತಿ ಮಾತ್ರ.

ಅದಕ್ಕಿಂತ ದೊಡ್ಡ ಹೊರೆ ಆಶ್ರಿತರ ಮೇಲಿನ ಶುಲ್ಕ. 2017ರ ಜುಲೈಯಲ್ಲಿ ಇದು ತಲೆಗೆ ತಿಂಗಳಿಗೆ 100 ರಿಯಾಲ್‌ನಂತೆ ಆರಂಭವಾಯಿತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ರಿಯಾಲ್ ಆಯಿತು. ಪತ್ನಿ ಮತ್ತು ಇಬ್ಬರು ಮಕ್ಕಳೆಂದರೆ ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲ್. ಇಕಾಮಾ ನವೀಕರಣದ ಸಮಯದಲ್ಲಿ ಇದನ್ನು ಮುಂಗಡವಾಗಿ ಕಟ್ಟಬೇಕು. ಬಾಡಿಗೆ, ಶಾಲೆಯ ಫೀಸು ಇದರ ಹೊರಗೆ. ಈ ಶುಲ್ಕ ಬಂದ ಮೇಲೆ ಹತ್ತು ಹದಿನೈದು ವರ್ಷ ಅಲ್ಲೇ ಸಂಸಾರ ಮಾಡಿದ್ದ ಎಷ್ಟೋ ಕುಟುಂಬಗಳು ಗಂಟು ಮೂಟೆ ಕಟ್ಟಿ ಊರಿಗೆ ಮರಳಿದವು. ಪತಿ ಮತ್ತೆ ಬ್ಯಾಚುಲರ್ ಕೋಣೆ ಸೇರಿದರು.

ಆದ್ದರಿಂದ ಸೌದಿಯಲ್ಲಿರುವ ಅನೇಕರು ಫ್ಯಾಮಿಲಿ ವಿಸಿಟ್ ವಿಸಾವನ್ನೇ ಆರಿಸಿಕೊಳ್ಳುತ್ತಾರೆ. ಮಕ್ಕಳ ಶಾಲೆಯ ರಜೆಯಲ್ಲಿ ಹೋಗಿ, ಉಮ್ರಾ ಮಾಡಿ, ಎರಡು ತಿಂಗಳು ಒಟ್ಟಿಗಿದ್ದು ಬರಲು ಇದು ಒಳ್ಳೆಯ ದಾರಿ. ಆದರೆ ಈ ವಿಸಾದಲ್ಲಿ ಹಜ್ಜ್ ಮಾಡಲು ಅನುಮತಿಯಿಲ್ಲ. "ಹೇಗೂ ಅಲ್ಲೇ ಇದ್ದೇವಲ್ಲ" ಎಂದು ಅನುಮತಿಯಿಲ್ಲದೆ ಹೊರಡಿಸುವ ದಲ್ಲಾಳಿಗಳ ಮಾತಿಗೆ ಮರುಳಾಗಬೇಡಿ. 2024ರ ಹಜ್ಜ್‌ನ ಭೀಕರ ಸೆಕೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅವರಲ್ಲಿ ಹೆಚ್ಚಿನವರು ಅನುಮತಿಯಿಲ್ಲದೆ ಹೋಗಿ, ನೆರಳಿನ ಡೇರೆಯಾಗಲಿ ವಾಹನವಾಗಲಿ ಸಿಗದೆ ಬಿಸಿಲಲ್ಲಿ ನಡೆದವರೆಂದು ಅಲ್ಲಿನ ಸರಕಾರವೇ ತಿಳಿಸಿತ್ತು.

ಕುವೈತ್, ಕತಾರ್, ಒಮಾನ್

ನಿಯಮಗಳು ಎಷ್ಟು ಬೇಗ ಬದಲಾಗುತ್ತವೆ ಎಂಬುದಕ್ಕೆ ಕುವೈತ್ ಒಂದು ಪಾಠ. 2022ರಲ್ಲಿ ಅಲ್ಲಿ ಫ್ಯಾಮಿಲಿ ವಿಸಾ ಕೊಡುವುದನ್ನೇ ನಿಲ್ಲಿಸಲಾಯಿತು. ಒಂದೂವರೆ ವರ್ಷ ಕಾದ ಮೇಲೆ 2024ರ ಜನವರಿಯಲ್ಲಿ ಬಾಗಿಲು ತೆರೆದಾಗ ಸಂಬಳದ ಮಿತಿ 800 ದಿನಾರ್‌ಗೆ ಏರಿತ್ತು, ಜೊತೆಗೆ ಪದವಿಯೂ ಬೇಕೆಂದಿತ್ತು. ಪದವಿಯ ಷರತ್ತನ್ನು ಅದೇ ವರ್ಷ ಕೈಬಿಟ್ಟರು. ಕೆಲವು ವೃತ್ತಿಗಳಿಗೆ ರಿಯಾಯಿತಿಯಿದೆ. ಆ ಒಂದೂವರೆ ವರ್ಷದಲ್ಲಿ ಮದುವೆಯಾಗಿ, "ಮುಂದಿನ ತಿಂಗಳು ಕರೆಸಿಕೊಳ್ಳುತ್ತೇನೆ" ಎಂಬ ಮಾತು ನಂಬಿ ಕಾದವರ ಪತಿಯಂದಿರು ಸುಳ್ಳು ಹೇಳಿರಲಿಲ್ಲ, ನಿಯಮವೇ ಬದಲಾಗಿತ್ತು.

ಕತಾರ್‌ನಲ್ಲಿ 2024ರಲ್ಲಿ ಪ್ರಕಟವಾದ ನಿಯಮದಂತೆ ಖಾಸಗಿ ಕಂಪೆನಿಯ ನೌಕರರಿಗೆ ತಿಂಗಳಿಗೆ 10,000 ರಿಯಾಲ್ ಸಂಬಳವಿರಬೇಕು. ಕಂಪೆನಿಯೇ ಕುಟುಂಬದ ವಸತಿ ಕೊಡುವುದಾದರೆ 6,000 ಸಾಕು. ಹುದ್ದೆ ಕೂಲಿ ಕೆಲಸದ್ದಾಗಿರಬಾರದು. ಕುಟುಂಬವನ್ನು ವಿಸಿಟ್ ವಿಸಾದಲ್ಲಿ ಕರೆಸಲು 5,000 ರಿಯಾಲ್ ಸಂಬಳ ಮತ್ತು ಕುಟುಂಬಕ್ಕೆ ತಕ್ಕ ವಸತಿ ಬೇಕು. ಒಮಾನ್ ಮಾತ್ರ ಈ ವಿಷಯದಲ್ಲಿ ಉದಾರವಾಯಿತು. ಅಲ್ಲಿ 350 ರಿಯಾಲ್ ಇದ್ದ ಮಿತಿಯನ್ನು 2023ರಲ್ಲಿ 150ಕ್ಕೆ ಇಳಿಸಲಾಯಿತು.

ಈ ಅಂಕಿಗಳನ್ನು ಓದಿ ಹಾಗೆಯೇ ನೆಚ್ಚಿಕೊಳ್ಳಬೇಡಿ. ಅರ್ಜಿ ಹಾಕುವ ದಿನ ಆಯಾ ದೇಶದ ಸರಕಾರದ ಅಧಿಕೃತ ತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ.

ಮೊದಲು ಮದುವೆಯ ಕಾಗದ

ವಿಸಾದ ಮಾತು ಏನೇ ಇರಲಿ, ಇಂದೇ ನೀವು ಮಾಡಬಹುದಾದ ಒಂದು ಕೆಲಸವಿದೆ. ಅದು ಮದುವೆಯ ನೋಂದಣಿ. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು ಜಮಾಅತಿನ ದಫ್ತರಿನಿಂದ ಕೊಟ್ಟ ನಿಕಾಹ್ ಪತ್ರ. ಅದು ಬೆಲೆಯುಳ್ಳದ್ದೇ. ಆದರೆ ವಿದೇಶದ ಕಚೇರಿಗೆ ಅದನ್ನು ಒಪ್ಪಿಸುವಾಗ ಕಷ್ಟ ಎದುರಾಗುತ್ತದೆ. 1976ರ ಕರ್ನಾಟಕ ವಿವಾಹ ನೋಂದಣಿ ಕಾಯಿದೆಯಡಿ ಯಾವ ಧರ್ಮದವರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮದುವೆ ನೋಂದಾಯಿಸಬಹುದು. ಎಲ್ಲ ಧರ್ಮದವರ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ.

ವಕ್ಫ್ ಮಂಡಳಿಯಿಂದ ವಿವಾಹ ಪ್ರಮಾಣಪತ್ರ ಸಿಗುತ್ತದಲ್ಲ ಎಂದು ಕೆಲವರು ಕೇಳಬಹುದು. 2023ರಲ್ಲಿ ರಾಜ್ಯ ಸರಕಾರ ವಕ್ಫ್ ಮಂಡಳಿಗೆ ಆ ಅಧಿಕಾರ ಕೊಟ್ಟು ಆದೇಶ ಹೊರಡಿಸಿದ್ದು ನಿಜ. ಆದರೆ 2024ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಅದಕ್ಕೆ ತಡೆ ನೀಡಿತು. ಆದುದರಿಂದ ನೋಂದಣಿ ಕಚೇರಿಯ ಪ್ರಮಾಣಪತ್ರವನ್ನೇ ಮಾಡಿಸಿಕೊಳ್ಳುವುದು ಕ್ಷೇಮ. ಇದಕ್ಕೆ ಪತಿ ಪತ್ನಿ ಇಬ್ಬರೂ ಹಾಜರಿರಬೇಕಾಗುತ್ತದೆ. ನಲ್ವತ್ತು ದಿನಗಳ ರಜೆಯಲ್ಲಿ ಔತಣಗಳ ನಡುವೆ ಒಂದು ದಿನ ಇದಕ್ಕೆಂದು ಎತ್ತಿಡಿ. ಈ ರಜೆ ತಪ್ಪಿದರೆ ಮುಂದಿನ ರಜೆಯವರೆಗೆ ಕಾಯಬೇಕಾದೀತು.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಅದರ ದೃಢೀಕರಣ, ನಾವು ಹೇಳುವ ಅಟೆಸ್ಟೇಶನ್. ಮೊದಲು ರಾಜ್ಯ ಸರಕಾರದ್ದು, ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯದ್ದು. ಯುಎಇ, ಕುವೈತ್, ಕತಾರ್‌ಗೆ ಹೋಗುವವರು ಅದರ ಮೇಲೆ ಆ ದೇಶದ ರಾಯಭಾರ ಕಚೇರಿಯ ಮೊಹರನ್ನೂ ಹಾಕಿಸಬೇಕು. ಒಮಾನ್, ಬಹರೈನ್ ಹಾಗೂ 2022ರ ಡಿಸೆಂಬರಿನಿಂದ ಸೌದಿ ಅರೇಬಿಯಾ ಅಪೋಸ್ಟಿಲ್ ಒಪ್ಪಂದದಲ್ಲಿ ಸೇರಿರುವುದರಿಂದ ಅಲ್ಲಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮೊಹರು ಸಾಕು. ರಾಯಭಾರ ಕಚೇರಿಯ ಮೊಹರಿನ ಹೆಸರಿನಲ್ಲಿ ಯಾರಾದರೂ ಹೆಚ್ಚು ಹಣ ಕೇಳಿದರೆ ಈ ಮಾತು ನೆನಪಿಗೆ ಬರಲಿ. ಅರಬಿ ಅನುವಾದವನ್ನು ಮಾನ್ಯತೆ ಪಡೆದವರಿಂದಲೇ ಮಾಡಿಸಿ.

ಇನ್ನು ಹೆಸರಿನ ಪ್ರಶ್ನೆ. ನಿಕಾಹ್ ಪತ್ರದಲ್ಲಿ ಫಾತಿಮಾ, ಪಾಸ್‌ಪೋರ್ಟಿನಲ್ಲಿ ಫಾತಿಮತ್, ಆಧಾರ್‌ನಲ್ಲಿ ಪಾತಿಮ. ನಮಗೆ ಮೂರೂ ಒಬ್ಬಳೇ. ಕೌಂಟರಿನಲ್ಲಿ ಕುಳಿತ ಅಧಿಕಾರಿಗೆ ಮೂವರು. ಮದುವೆ ನೋಂದಾಯಿಸುವಾಗಲೇ ಪಾಸ್‌ಪೋರ್ಟನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೊಂದಿಸಿ ಬರೆಸಿ. ಮದುವೆಯಾಯಿತೆಂದು ಹೆಸರು ಬದಲಾಯಿಸಬೇಕಾದ ಅಗತ್ಯವೇನೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಮನೆತನದ ಹೆಸರಿನ ಜಾಗ ಖಾಲಿಯಿರುವುದು ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯ. ಯುಎಇ 2022ರ ನವೆಂಬರಿನಿಂದ ಅಂಥ ಪಾಸ್‌ಪೋರ್ಟಿಗೆ ವಿಸಿಟ್ ವಿಸಾ ಕೊಡುವುದನ್ನು ನಿಲ್ಲಿಸಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುವುದಾಗಿ ಆಮೇಲೆ ತಿಳಿಸಿತು. ನಿಮ್ಮ ಪಾಸ್‌ಪೋರ್ಟನ್ನು ಇವತ್ತೇ ಒಮ್ಮೆ ತೆರೆದು ನೋಡಿ.

ಈ ಕಾಗದ ವಿಸಾಕ್ಕೆ ಮಾತ್ರವೆಂದು ತಿಳಿಯಬೇಡಿ. ವಿದೇಶದಲ್ಲಿ ಹುಟ್ಟುವ ಮಗುವಿನ ಜನನ ಪತ್ರಕ್ಕೂ ಇದನ್ನು ಕೇಳುತ್ತಾರೆ. ವಿಸಿಟ್ ವಿಸಾದಲ್ಲಿ ಕರೆದೊಯ್ದು, ಮೂರು ತಿಂಗಳ ಬಳಿಕ ಊರಿಗೆ ಕಳುಹಿಸಿ, ಆಮೇಲೆ ಫೋನನ್ನೂ ಎತ್ತದ ಗಂಡಂದಿರು ನಮ್ಮ ನಡುವೆಯೂ ಇದ್ದಾರೆ. ಅಂಥವರ ವಿರುದ್ಧ ದೂರು ಕೊಡುವಾಗ ಮೊದಲು ಕೇಳುವುದು ಮದುವೆಯ ದಾಖಲೆಯನ್ನೇ. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ಮದುವೆಯ ದೂರುಗಳಿಗೆಂದೇ 2009ರಿಂದ ಪ್ರತ್ಯೇಕ ವಿಭಾಗವಿದೆ.

ದುಡಿಯಬಹುದೇ?

ಪತಿಯ ವಿಸಾದಲ್ಲಿದ್ದುಕೊಂಡೇ ಯುಎಇಯಲ್ಲಿ ಕೆಲಸ ಮಾಡಬಹುದು. ಕೆಲಸ ಕೊಡುವ ಸಂಸ್ಥೆ ನಿಮ್ಮ ಹೆಸರಿನಲ್ಲಿ ಕೆಲಸದ ಪರವಾನಿಗೆ ಮಾಡಿಸಬೇಕು. ಪರವಾನಿಗೆಯಿಲ್ಲದೆ "ನಾಲ್ಕು ದಿನ ಬಂದು ನೋಡಿ" ಎನ್ನುವವರ ಬಳಿ ಹೋಗಬೇಡಿ. ಸಿಕ್ಕಿಬಿದ್ದರೆ ತೊಂದರೆ ನಿಮಗೂ ಪತಿಗೂ. ಸೌದಿಯಲ್ಲಿ ಆಶ್ರಿತರ ಇಕಾಮಾದ ಮೇಲೆ ಪ್ರತ್ಯೇಕ ಅನುಮತಿಯಿಲ್ಲದೆ ದುಡಿಯುವಂತಿಲ್ಲ. ವಿಸಿಟ್ ವಿಸಾದಲ್ಲಂತೂ ಎಲ್ಲಿಯೂ ಇಲ್ಲ.

ಬಿ.ಎಡ್. ಮಾಡಿದವರು, ನರ್ಸಿಂಗ್ ಓದಿದವರು ಮದುವೆಯ ಪತ್ರದ ಜೊತೆಗೆ ಪದವಿಯ ಪತ್ರಗಳನ್ನೂ ಊರಿನಲ್ಲೇ ದೃಢೀಕರಿಸಿಕೊಂಡು ಹೋಗಿ. ಅಲ್ಲಿಗೆ ಹೋದ ಮೇಲೆ ಮೂಲಪ್ರತಿಯನ್ನು ಊರಿಗೆ ಕಳುಹಿಸಿ ತರಿಸಿಕೊಳ್ಳಲು ಹಣವೂ ಹೆಚ್ಚು, ತಿಂಗಳುಗಳೂ ಹೆಚ್ಚು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಏಳಕ್ಕೆ ಪತಿ ಹೊರಟು ರಾತ್ರಿ ಒಂಬತ್ತಕ್ಕೆ ಮರಳುವ ದಿನಗಳಲ್ಲಿ ನಿಮ್ಮ ಓದು ನಿಮಗೆ ಸಂಗಾತಿಯಾಗುತ್ತದೆ.

ಕಷ್ಟದ ದಿನ ಬಂದರೆ

ಇಂಥ ಮಾತು ಯಾರಿಗೂ ಇಷ್ಟವಾಗುವುದಿಲ್ಲ. ಆದರೂ ಹೇಳಲೇಬೇಕು. ಪತಿ ಅಲ್ಲೇ ತೀರಿಕೊಂಡರೆ ಅಥವಾ ವಿಚ್ಛೇದನವಾದರೆ ಪತ್ನಿಯ ವಿಸಾಕ್ಕೆ ಆಧಾರವೇ ಇರುವುದಿಲ್ಲ. ಯುಎಇಯಲ್ಲಿ 2018ರಿಂದ ವಿಧವೆಯರಿಗೂ ವಿಚ್ಛೇದಿತರಿಗೂ ಅವರ ಮಕ್ಕಳಿಗೂ ಪ್ರಾಯೋಜಕರಿಲ್ಲದೆ ಒಂದು ವರ್ಷ ಉಳಿಯುವ ಅವಕಾಶ ಕೊಡಲಾಗಿದೆ. ಮಕ್ಕಳ ಶಾಲೆಯ ವರ್ಷ ಮುಗಿಸಿ, ಬರಬೇಕಾದ ಹಣ ಪಡೆದು, ಬೇಕಿದ್ದರೆ ಕೆಲಸ ಹುಡುಕಲು ಅದು ನೆರವಾಗುತ್ತದೆ. ಆದರೆ ಪತಿ ಯಾವ ಕಂಪೆನಿಯಲ್ಲಿದ್ದರು, ಎಷ್ಟು ವರ್ಷದ ಸೇವೆಯ ಹಣ ಬರಬೇಕು, ಯಾವ ಬ್ಯಾಂಕಿನಲ್ಲಿ ಸಾಲವಿದೆ ಎಂಬುದು ಪತ್ನಿಗೇ ತಿಳಿಯದಿದ್ದರೆ ಆ ಅವಕಾಶದಿಂದ ಏನು ಪ್ರಯೋಜನ? ಸುಖದ ದಿನಗಳಲ್ಲೇ ಇದನ್ನು ಕೇಳಿ ಬರೆದಿಟ್ಟುಕೊಳ್ಳಿ. ಕೇಳುವುದು ಅನುಮಾನವಲ್ಲ.

ನಿಮ್ಮ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿರಲಿ. ಅದರ, ಗುರುತಿನ ಚೀಟಿಯ ಮತ್ತು ಮದುವೆಯ ಪತ್ರದ ಪ್ರತಿಗಳು ತವರುಮನೆಯಲ್ಲೂ ಒಂದು ಕಟ್ಟು ಇರಲಿ. ಭಾರತದ ದೂತಾವಾಸದ ನಂಬರು ಫೋನಿನಲ್ಲಿರಲಿ. ವಿದೇಶದಲ್ಲಿರುವ ಭಾರತೀಯರ ದೂರುಗಳಿಗಾಗಿ ವಿದೇಶಾಂಗ ಸಚಿವಾಲಯದ ಮದದ್ ಎಂಬ ತಾಣವೂ ಇದೆ.

ದೂರದ ದೇಶಗಳಿಗೆ ಹೊರಟವರು

ಬೆಂಗಳೂರಿನ ಕಂಪೆನಿಗಳಿಂದ ಪಶ್ಚಿಮದ ದೇಶಗಳಿಗೆ ಹೋಗುವ ನಮ್ಮ ಹುಡುಗರ ಸಂಖ್ಯೆಯೂ ಬೆಳೆಯುತ್ತಿದೆ. ಅಲ್ಲಿನ ದಾರಿ ಬೇರೆಯೇ. ಅಮೆರಿಕಕ್ಕೆ ಎಚ್-1ಬಿ ವಿಸಾದಲ್ಲಿ ಹೋದವರ ಪತ್ನಿಗೆ ಎಚ್-4 ವಿಸಾ ಸಿಗುತ್ತದೆ. ಅಲ್ಲಿ ಓದಬಹುದು, ಆದರೆ ಹೋದೊಡನೆ ದುಡಿಯುವಂತಿಲ್ಲ. ಪತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆ ಮಾತ್ರ ಕೆಲಸದ ಅನುಮತಿ ಕೇಳಲು 2015ರಿಂದ ಅವಕಾಶವಾಯಿತು. ಬ್ರಿಟನ್ನಿಗೆ ವೃದ್ಧರ ಆರೈಕೆಯ ಕೆಲಸಕ್ಕೆ ಹೋಗುವವರು 2024ರ ಮಾರ್ಚ್ 11ರ ನಂತರ ಕುಟುಂಬವನ್ನು ಕರೆದೊಯ್ಯುವಂತಿಲ್ಲ ಎಂದಾಯಿತು. ಸಂಶೋಧನೆಯಲ್ಲದ ಸ್ನಾತಕೋತ್ತರ ಓದಿಗೆ ಹೋಗುವವರಿಗೂ 2024ರ ಜನವರಿಯಿಂದ ಇದೇ ನಿರ್ಬಂಧ. ಜರ್ಮನಿಯಲ್ಲಿ ಪತ್ನಿಗೆ ದುಡಿಯುವ ಹಕ್ಕಿದೆ, ಆದರೆ ಸಾಮಾನ್ಯವಾಗಿ ಹೋಗುವ ಮೊದಲೇ ಜರ್ಮನ್ ಭಾಷೆಯ ಮೊದಲ ಹಂತದ ಪರೀಕ್ಷೆ ಪಾಸಾಗಬೇಕು. ಬ್ಲೂ ಕಾರ್ಡ್ ಇರುವವರ ಪತ್ನಿಗೆ ಅದರಿಂದ ವಿನಾಯಿತಿ. ಆದ್ದರಿಂದ "ವಿದೇಶದಲ್ಲಿ ಒಳ್ಳೆಯ ಕೆಲಸ" ಎಂದು ಕೇಳಿದ ತಕ್ಷಣ ಮಗಳ ಸಂಬಂಧಕ್ಕೆ ಹೂಂಗುಟ್ಟುವ ಹೆತ್ತವರು, "ಅವಳು ಜೊತೆಗೆ ಹೋಗಬಹುದಾದ ವಿಸಾವೇ ಅದು?" ಎಂದು ಒಂದು ಮಾತು ಕೇಳಿ ನೋಡಲಿ.

ಆ ಸಹೋದರಿಗೆ

ಈಗ ಪತ್ರ ಬರೆದ ಸಹೋದರಿಯ ವಿಷಯಕ್ಕೆ ಬರೋಣ. ತಂಗೀ, ಏಜೆಂಟರು ಹೇಳಿದ ಪರ್ಮನೆಂಟ್ ಎಂಬ ಮಾತನ್ನು ನಂಬಿ ರಾಜೀನಾಮೆ ಕೊಡಬೇಡಿ. ಬಳೆಗಳನ್ನು ಅಡವಿಡಬೇಡಿ. ಮಹ್ರ್ ನಿಮ್ಮ ಸ್ವಂತ ಆಸ್ತಿ. ಅದನ್ನು ಕರಗಿಸುವ ಮೊದಲು ಮೂರು ಬಾರಿ ಯೋಚಿಸುವ ಹಕ್ಕು ನಿಮಗಿದೆ. ಪತಿಯ ಇಕಾಮಾದ ಪ್ರತಿಯನ್ನು ತರಿಸಿ ಅದರಲ್ಲಿರುವ ವೃತ್ತಿಯನ್ನು ನೋಡಿ. ಫ್ಯಾಮಿಲಿ ವಿಸಾಕ್ಕೆ ಅದು ಸಲ್ಲುತ್ತದೆಯೇ ಎಂದು ಅವರೇ ಅಲ್ಲಿ ವಿಚಾರಿಸಲಿ. ಸಲ್ಲದಿದ್ದರೆ ಯಾವ ಏಜೆಂಟರಿಂದಲೂ ಅದು ಆಗದು.

ಆದರೆ ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ಮದುವೆಯಾಗಿ ಎರಡು ವರ್ಷದಲ್ಲಿ ಒಟ್ಟಿಗಿದ್ದದ್ದು ಬರೀ ನಲ್ವತ್ತು ದಿನವೆಂದು ಬರೆದಿದ್ದೀರಿ. ಆ ಸಾಲನ್ನು ಓದಿ ನನಗೂ ಸಂಕಟವಾಯಿತು. ಶಾಲೆಯ ಬೇಸಿಗೆ ರಜೆಯಲ್ಲಿ ವಿಸಿಟ್ ವಿಸಾದಲ್ಲೇ ಹೋಗಿ ಬನ್ನಿ, ವಿಸಿಟ್ ಎಂದು ತಿಳಿದುಕೊಂಡೇ. ಮರಳುವ ಟಿಕೆಟ್ ಕೈಯಲ್ಲಿರಲಿ, ಶಾಲೆಯ ಕೆಲಸ ಇಲ್ಲಿ ನಿಮಗಾಗಿ ಇರಲಿ. ಅಲ್ಲಿ ಕುಳಿತು ಇಬ್ಬರೂ ಸೇರಿ ಬಾಡಿಗೆ ಎಷ್ಟು, ಶುಲ್ಕ ಎಷ್ಟು, ಊರಿನ ಮನೆಗೆ ಕಳುಹಿಸುವುದೆಷ್ಟು ಎಂದು ಕಾಗದದ ಮೇಲೆ ಬರೆಯಿರಿ. ಅವರು ಇನ್ನೂ ಎಷ್ಟು ವರ್ಷ ಅಲ್ಲಿರಬೇಕು ಎಂದೂ ಕೇಳಿ. ಕೆಲವೊಮ್ಮೆ ಆ ಲೆಕ್ಕ ಮುಗಿದಾಗ, ಹೆಂಡತಿ ಅಲ್ಲಿಗೆ ಹೋಗುವುದಕ್ಕಿಂತ ಗಂಡ ಎರಡು ವರ್ಷ ಮೊದಲೇ ಊರಿಗೆ ಮರಳುವುದು ಸುಲಭವೆಂದು ಕಾಣುವುದೂ ಉಂಟು.

ಓದುಗ ಸಹೋದರಿಯರೇ, ಈ ರಾತ್ರಿ ಪತಿಯ ಫೋನು ಬಂದಾಗ "ಯಾವಾಗ ಕರೆಸಿಕೊಳ್ಳುತ್ತೀರಿ" ಎಂದು ಕೇಳುವ ಬದಲು "ಯಾವ ವಿಸಾದಲ್ಲಿ, ಎಷ್ಟು ದಿನಕ್ಕೆ, ಅದಕ್ಕೆ ಏನೇನು ಬೇಕು" ಎಂದು ಕೇಳಿ. ಅವರಿಗೆ ಗೊತ್ತಿದ್ದರೆ ಹೇಳುತ್ತಾರೆ. ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ತಿಳಿದುಕೊಳ್ಳಿ. ನಿಮ್ಮ ಪಾಸ್‌ಪೋರ್ಟ್ ಮತ್ತು ನಿಕಾಹ್ ಪತ್ರವನ್ನು ಕಪಾಟಿನಿಂದ ಹೊರತೆಗೆದು ಎರಡರಲ್ಲೂ ಹೆಸರು ಒಂದೇ ಇದೆಯೇ ಎಂದು ನೋಡುವುದರಿಂದ ಆರಂಭಿಸಿ. ಅಷ್ಟಕ್ಕೆ ಯಾವ ಏಜೆಂಟರೂ ಬೇಡ.